ಐಡಾ ಚಿವುಟಿದ ಹಿಮ್ಮಡಿಗಳು

ನಮ್ಮೂರಿನಲ್ಲಿ ಐವತ್ತು ದಾಟಿದವರ ಹಿಮ್ಮಡಿ ನೋಡಿದರೆ ಏನೂ ಕಾಣುವುದಿಲ್ಲ. ಆದರೆ ಅಲ್ಲಿ ಒಮ್ಮೆ ಐಡಾ ಲಾರ್ಟರ್‌ಳ ಉಗುರು ಊರಿತ್ತೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಆಣೆ ಮಾಡುವುದಾದರೆ ನಮ್ಮ ಚರ್ಚಿನ ದೀಕ್ಷಾಸ್ನಾನದ ಕಲ್ಲುತೊಟ್ಟಿಯ ಮೇಲೇ ಕೈಯಿಟ್ಟು ಮಾಡುತ್ತೇನೆ. ಈಗ ಅದರ ಹೊಟ್ಟೆ ತುಂಬ ಒಣಗಿದ ಹೂವು ತುರುಕಿದ್ದಾರೆ. ಮಕ್ಕಳಿಗೆ ದೀಕ್ಷೆ ಕೊಡುವುದು ಮುಂದೆ ಮೇಜಿನ ಮೇಲಿಟ್ಟ ಗಾಜಿನ ಬೋಗುಣಿಯಲ್ಲಿ. ಅದನ್ನು ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಐಡಾ ಚರ್ಚಿನ ಕಸ ಗುಡಿಸುವವಳು. ಗಂಡನಿಲ್ಲ, ಮಕ್ಕಳಿಲ್ಲ, ಆದರೂ ಊರಿನ ಮಕ್ಕಳಿಗೆಲ್ಲ ಆಂಟಿ. ತೊಟ್ಟಿಯ ಸುತ್ತ ಕೆತ್ತಿದ ಸಿಂಹಗಳ ಮೂಗನ್ನು ಯಾವ ಕಾಲದಲ್ಲೋ ಯಾರೋ ಪುಣ್ಯಾತ್ಮರು ಒಡೆದು ಹಾಕಿದ್ದರು. ಐಡಾ ಪ್ರತಿ ಶನಿವಾರ ಅವುಗಳ ಮುಖ ಒರೆಸುತ್ತಿದ್ದಳು. "ಮೂಗಿಲ್ಲ ಅಂತ ಮುಖ ತೊಳೀಬಾರ್ದಾ?" ಅನ್ನುತ್ತಿದ್ದಳು. ಬಾಗಿಲ ಪಕ್ಕದ ಗೋಡೆಯಲ್ಲಿ ಹಿಂದಿನ ಕಾಲದಲ್ಲಿ ಪವಿತ್ರ ಜಲ ಇಡುತ್ತಿದ್ದ ಪುಟ್ಟ ಕಲ್ಲುಬಟ್ಟಲೊಂದಿತ್ತು. ಅವಳ ಸೋಪು, ಬ್ರಷ್ಷು ಇರುತ್ತಿದ್ದುದು ಅದರಲ್ಲಿ. ಹಳೆಯ ಪಾದ್ರಿಗಳು ಒಮ್ಮೆ ಹುಬ್ಬೇರಿಸಿದಾಗ, "ನಾನೂರು ವರ್ಷದಿಂದ ಒಣಗಿ ಕೂತಿದೆ ಅಯ್ಯನವರೇ, ಸೋಪಾದ್ರೂ ಇರ್ಲಿ ಬಿಡಿ" ಎಂದಿದ್ದಳು. ಅವರು ನಕ್ಕುಬಿಟ್ಟರು.

ದೀಕ್ಷೆಯ ಭಾನುವಾರ ಬಂದರೆ ಅವಳ ಗತ್ತೇ ಬೇರೆ. ಎದುರಿನ ತನ್ನ ಮನೆಯಿಂದ ಕೆಟಲ್‌ನಲ್ಲಿ ಬಿಸಿನೀರು ತಂದು, ತೊಟ್ಟಿಯ ತಣ್ಣೀರಿಗೆ ಬೆರೆಸಿ, ಮೊಣಕೈ ಅದ್ದಿ ನೋಡುವಳು. ಉತ್ತರದ ಸಣ್ಣ ಬಾಗಿಲನ್ನು ತೆರೆದಿಡುವಳು. ಕುಲಾವಿ ಬಿಚ್ಚಿ, ಮಗುವನ್ನು ಪಾದ್ರಿಗಳ ಕೈಗೆ ಕೊಡುವುದು ಅವಳದೇ ಕೆಲಸ. ಆಗ ಮಗುವಿಗೆ ಸುತ್ತಿದ ಶಾಲಿನೊಳಗೆ ಅವಳ ಎರಡು ಬೆರಳು ಹಿಮ್ಮಡಿ ಹುಡುಕುತ್ತಿದ್ದವು. ತಲೆಗೆ ನೀರು ಬೀಳುವ ಹೊತ್ತಿಗೆ ಮಗು ಚೀರಬೇಕು. ಚೀರಿದರೆ ಸೈತಾನ ಮಗುವನ್ನು ಬಿಟ್ಟು ಉತ್ತರದ ಬಾಗಿಲಿನಿಂದ ಹೊರಗೆ ಹೋದ ಎಂದು ಲೆಕ್ಕ. ಆಮೇಲೆ ಐಡಾ ಹೋಗಿ ಬಾಗಿಲು ಮುಚ್ಚುವಳು, ಅಜ್ಜಿಯರೆಲ್ಲ ನಿಟ್ಟುಸಿರು ಬಿಡುವರು. ಇದು ತಾಯಂದಿರಿಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಐಡಾ ಚಿಕ್ಕವಳಿದ್ದಾಗ ಅವಳ ತಮ್ಮ ವಿಲ್ಫ್ರೆಡ್‌ಗೆ ಇದೇ ತೊಟ್ಟಿಯಲ್ಲಿ ದೀಕ್ಷೆಯಾಗಿತ್ತು. ಶಾಲು ಹಿಡಿದು ನಿಂತವಳು ಇವಳೇ. ಮಗು ನಿದ್ದೆಯಿಂದ ಕಣ್ಣೇ ತೆರೆಯಲಿಲ್ಲವಂತೆ. ಆ ಚಳಿಗಾಲ ನಾಯಿಕೆಮ್ಮಿಗೆ ಹೋಗಿಬಿಟ್ಟಿತು. "ತೊಟ್ಟಿ ಹತ್ರ ಅಳ್ಲಿಲ್ಲ ಅದು" ಎಂದು ತಾಯಿ ಕೊನೆಯವರೆಗೂ ಹೇಳುತ್ತಲೇ ಇದ್ದಳಂತೆ. ಐಡಾ ನನಗೆ ಇದನ್ನು ಹೇಳಿದ್ದು ಒಂದೇ ಸಲ, ಹಿತ್ತಾಳೆ ತಿಕ್ಕುತ್ತಾ, ನನ್ನ ಮುಖ ನೋಡದೆ.

ಯುದ್ಧಕಾಲದಲ್ಲಿ ಶುರುವಾದ ಸಕ್ಕರೆಯ ರೇಷನ್ ನಿಂತ ಮರುವರ್ಷ ಹೊಸ ಪಾದ್ರಿ ಪೆಂಬರ್ಟನ್ ಬಂದರು. ಒಳ್ಳೆಯ ಮನುಷ್ಯ, ಆದರೆ ಹೊಸಬರು. ಪೇಟೆಯಿಂದ ಬಂದ ಹೆಂಗಸೊಬ್ಬಳು ಮಗುವಿನ ಹಿಮ್ಮಡಿಯ ಕೆಂಪು ಗುರುತು ತೋರಿಸಿ ರಂಪ ಮಾಡಿದಾಗ, ಅವರು ಐಡಾಳನ್ನು ಕರೆಸಿದರು. ನಾನು ಹೂ ಜೋಡಿಸುತ್ತ ಅಲ್ಲೇ ಇದ್ದೆ.

"ನೀರು ಸಾಕಮ್ಮ, ಅಳು ಬೇಕಾಗಿಲ್ಲ. ಇನ್ಮೇಲೆ ನೀವು ತೊಟ್ಟಿ ಹತ್ರ ನಿಲ್ಲೋದು ಬೇಡ. ಮಗೂನ ತಾಯೀನೇ ನನ್ನ ಕೈಗೆ ಕೊಡ್ಲಿ."

"ಕೆಟಲ್ ತರ್ಬಹುದಾ?"

"ಧಾರಾಳವಾಗಿ."

"ಬಾಗ್ಲು?"

"ಗಾಳಿಗೆ ಅಂತಾದ್ರೆ ತೆಗೀರಿ."

"ಆಯ್ತು ಅಯ್ಯನವರೇ" ಎಂದು ಐಡಾ ಸಿಂಹದ ಮುಖ ಒರೆಸಲು ಬಗ್ಗಿದಳು. ಒರೆಸಿದ್ದನ್ನೇ ಮತ್ತೆ ಮತ್ತೆ ಒರೆಸಿದಳು.

ಅದಾದ ಮೇಲೆ ಮೊದಲ ದೀಕ್ಷೆ ನನ್ನ ಮಗಳು ರೋಸ್‌ಮರಿಯದು. ಅವಳೋ ಮಹಾ ನಿದ್ದೆಬುರುಕಿ; ಪಕ್ಕದಲ್ಲಿ ಟ್ರ್ಯಾಕ್ಟರ್ ಹೋದರೂ ಏಳುವವಳಲ್ಲ. ಹಿಂದಿನ ಸಂಜೆ ಐಡಾ ಮನೆಗೆ ಬಂದು, ತೊಟ್ಟಿಲಿನ ಮೇಲೆ ಬಗ್ಗಿ ಬಹಳ ಹೊತ್ತು ನಿಂತಳು.

"ಆಲಿವ್, ನಾಳೆ ಬೆಳಿಗ್ಗೆ ಹಾಲು ಕುಡಿಸ್ಬೇಡ. ಹಸಿವಾದ್ರೆ ಅಳ್ತಾಳೆ."

"ಹಸಿದ್ರೂ ಮಲ್ಗೇ ಇರ್ತಾಳೆ ಇವ್ಳು. ನೀವು ತಣ್ಣೀರೇ ಇಟ್ಬಿಡಿ ಆಂಟಿ. ಕಿರುಚ್ತಾಳೆ, ಕೆಲ್ಸ ಮುಗೀತು."

ಅವಳು ಯೋಚಿಸಿದಳು. "ಹೌದಲ್ವಾ" ಎಂದಳು.

ಮರುದಿನ ಮಂಜಿನಲ್ಲಿ ರಸ್ತೆ ದಾಟಿ ಬಂದಳು. ಕೈಯಲ್ಲಿ ಕೆಟಲ್, ಅದರ ಮೂತಿಯಿಂದ ಆವಿ. ನಾನು ನೋಡಿದ್ದು ಕಂಡು ಪಕ್ಕ ಬಂದು ಪಿಸುಗುಟ್ಟಿದಳು: "ಆಗ್ಲಿಲ್ಲ ಕಣೇ. ಇಂಥ ಚಳೀಲಿ ಆ ತಲೆ ಮೇಲೆ ತಣ್ಣೀರಾ?" ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಉತ್ತರದ ಬಾಗಿಲು ತೆರೆದು, ಹಿಂದಿನ ಬೆಂಚಿನಲ್ಲಿ ಖಾಲಿ ಕೆಟಲ್ ತೊಡೆಯ ಮೇಲಿಟ್ಟುಕೊಂಡು ಕೂತಳು.

ಕುಲಾವಿ ನಾನೇ ಬಿಚ್ಚಿದೆ. ಪಾದ್ರಿಗಳು ಒಂದು ಬೊಗಸೆ ಹಾಕಿದರು, ಮಗು ಮಿಸುಕಲಿಲ್ಲ. ಎರಡನೆಯದು ಹಾಕಿದರು, ತುಟಿ ಚಪ್ಪರಿಸಿತು. ಮೂರನೆಯದಕ್ಕೆ ನಿದ್ದೆಯಲ್ಲೇ ನಕ್ಕಿತು. ಎಲ್ಲರೂ ನಕ್ಕರು. ನಾನು ತಿರುಗಿ ನೋಡಿದೆ. ಐಡಾ ನಗಲಿಲ್ಲ. ತೆರೆದ ಬಾಗಿಲನ್ನು ನೋಡುತ್ತಿದ್ದಳು. ಶಾಲು ಹಿಡಿದು ನಿಂತ ಪುಟ್ಟ ಹುಡುಗಿಯ ಮುಖ ಅದು.

ನನಗೆ ಸೈತಾನನಲ್ಲಿ ನಂಬಿಕೆ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಆದರೆ ಮುಂದಿನ ಚಳಿಗಾಲವೆಲ್ಲ ನನ್ನ ಮಗಳು ಒಂದು ಸಲ ಕೆಮ್ಮಿದರೂ ಆ ಹೆಂಗಸು ತನ್ನ ಮನೆಯಲ್ಲಿ ನಿದ್ದೆಗೆಟ್ಟು ಕೂರುತ್ತಾಳೆ ಎಂಬುದು ನನಗೆ ಗೊತ್ತಿತ್ತು. ಪಾದ್ರಿಗಳು ಮಗುವನ್ನು ವಾಪಸು ಕೊಟ್ಟಾಗ ಶಾಲಿನೊಳಗೆ ಕೈ ಹಾಕಿದೆ. ಹಿಮ್ಮಡಿ ಸಿಕ್ಕಿತು.

ರೋಸ್‌ಮರಿ ಕಿರುಚಿದ್ದಕ್ಕೆ ಮಾಡಿನ ಪಾರಿವಾಳಗಳು ಎದ್ದು ಹಾರಿದವು. ಪಾದ್ರಿಗಳು ನನ್ನನ್ನೇ ನೋಡಿದರು. ನಾನೂ ಅವರನ್ನೇ ನೋಡಿದೆ. ಕೊನೆಗೆ ಅವರೇ ಕಣ್ಣು ತಗ್ಗಿಸಿ ಪುಸ್ತಕದ ಹಾಳೆ ತಿರುವಿದರು. ಹಿಂದೆ ಕೆಟಲ್ ನೆಲಕ್ಕಿಟ್ಟ ಸದ್ದಾಯಿತು, ಆಮೇಲೆ ಬಾಗಿಲು ಮುಚ್ಚಿದ ಸದ್ದು.

ಚಹಾ ಕುಡಿಯುವಾಗ ಐಡಾ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಕಾಲುಚೀಲ ಸರಿಸಿ ಹಿಮ್ಮಡಿಯನ್ನು ಬೆಳಕಿಗೆ ಹಿಡಿದಳು.

"ತುಂಬಾ ಜೋರಾಯ್ತು ಆಲಿವ್" ಎಂದಳು. "ನಾನಾಗಿದ್ರೆ ಗುರುತೇ ಉಳೀತಿರ್ಲಿಲ್ಲ."

ತನ್ನ ಚಹಾ ಆರಿ ಕೆನೆ ಕಟ್ಟುವವರೆಗೂ ಆ ಹಿಮ್ಮಡಿಯನ್ನು ಅಂಗೈಯಲ್ಲಿ ಮುಚ್ಚಿಕೊಂಡು ಕೂತೇ ಇದ್ದಳು.