ನೀಲಗಂಗಮ್ಮ ಟೀಚರ್ ಖಾಯಂ ಆಗದ ವರ್ಷ

ಜಯನಗರದ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದ ನೀಲಗಂಗಮ್ಮ ಟೀಚರನ್ನು ಕಂಡರೆ ಮಕ್ಕಳಿಗೆ ನಡುಕ. ‘ಷೀ’ ಬರೆಯಬೇಕಾದಲ್ಲಿ ‘ಹೀ’ ಬರೆದವರು ಬೆಂಚು ಹತ್ತಬೇಕು. “ಹೆಸರು ಹಿಂದಿನ ವಾಕ್ಯದಲ್ಲೇ ಇದೆಯಲ್ಲೇ, ತಿರುಗಿ ನೋಡು! ಒಬ್ಬರೋ ಇಬ್ಬರೋ? ಗಂಡೋ ಹೆಣ್ಣೋ?” ಎಂದು ದಿನಕ್ಕೆ ಇಪ್ಪತ್ತು ಸಲ ಗದರುವರು.

ಗಂಡ ಬಿಟ್ಟ ಮೇಲೆ ತಿಪಟೂರಿನ ಅಣ್ಣನ ಮನೆಯಲ್ಲಿ ಒಲೆ ಊದುತ್ತಲೇ ಪರೀಕ್ಷೆ ಕಟ್ಟಿ, ಟ್ರೈನಿಂಗ್ ಮುಗಿಸಿ ಬಂದ ಹೆಂಗಸು ಆಕೆ. ೧೯೬೪ರಲ್ಲಿ ಪ್ರೊಬೇಷನ್ ಮುಗಿಯುವುದಿತ್ತು. ಇನ್‌ಸ್ಪೆಕ್ಟರು ನಾಲ್ಕು ಒಳ್ಳೆಯ ಮಾತು ಬರೆದರೆ ಕೆಲಸ ಖಾಯಂ. ಇಲ್ಲದಿದ್ದರೆ ಮತ್ತೆ ಅತ್ತಿಗೆಯ ಅಡುಗೆಮನೆಯೇ ಗತಿ.

ಇನ್‌ಸ್ಪೆಕ್ಟರು ಬಂದರು. ಕೈಗೆ ಸಿಕ್ಕ ನೋಟ್‌ಬುಕ್ಕೊಂದನ್ನು ಎತ್ತಿಕೊಂಡು ಗಟ್ಟಿಯಾಗಿ ಓದಿದರು: “ಮೈ ಮದರ್ ಸೆಲ್ಸ್ ಗ್ರೀನ್ಸ್. ದೇ ಗೆಟ್ ಅಪ್ ಅಟ್ ಫೋರ್.”

ಮಡಿವಾಳದಿಂದ ಸೊಪ್ಪಿನ ಬುಟ್ಟಿ ಹೊತ್ತು ಬರುವ ಮುನಿಲಕ್ಷ್ಮಮ್ಮನವರ ಮಗಳು ಬರೆದದ್ದು. ದೊಡ್ಡವರನ್ನು ‘ಅವರು’ ಎನ್ನಬೇಕೆಂದು ಮಕ್ಕಳಿಗೆ ಕಲಿಸಿದ್ದವರು ಇದೇ ಟೀಚರು. ಪಾಪದ ಹುಡುಗಿ, ಇಂಗ್ಲಿಷಿನಲ್ಲೂ ಅಮ್ಮನಿಗೆ ಅಷ್ಟೇ ಮರ್ಯಾದೆ ಕೊಟ್ಟಿದ್ದಳು.

“ಸೊಪ್ಪು ಮಾರೋಳಿಗೆ ‘ದೇ’ ಬೇರೆ ಕೇಡು!” ಎಂದು ಇನ್‌ಸ್ಪೆಕ್ಟರು ಹೊಟ್ಟೆ ಕುಣಿಸಿಕೊಂಡು ನಕ್ಕರು. ಹುಡುಗಿ ತಲೆ ತಗ್ಗಿಸಿದಳು.

ನೀಲಗಂಗಮ್ಮನವರಿಗೆ ಮೈಯೆಲ್ಲ ಉರಿದುಹೋಯಿತು. “ಇಂಗ್ಲಿಷ್ ತಪ್ಪು ಸಾರ್. ಅದು ನನ್ನ ತಪ್ಪು, ತಿದ್ತೀನಿ. ಮದರ್ ಅಂದ ಮೇಲೆ ಷೀ, ರಾಣಿಯಾದ್ರೂ ಷೀನೇ. ಆದ್ರೆ ನೀವು ಕನ್ನಡದಲ್ಲಿ ಅಂದಿದ್ದೂ ತಪ್ಪೇ. ಮಾರೋಳು ಅಲ್ಲ, ಮಾರೋರು. ಮಗು ಎದುರಿಗೇ ತಿದ್ಕೊಳ್ಳಿ.”

ಇನ್‌ಸ್ಪೆಕ್ಟರು ನೋಟ್‌ಬುಕ್ಕನ್ನು ಮೇಜಿಗೆ ಎಸೆದು ಹೊರನಡೆದರು. ಹೆಡ್‌ಮಿಸ್ಟ್ರೆಸ್ ಕಮಲಾದೇವಿಯವರು ಓಡೋಡಿ ಬಂದರು.

“ಒಂದ್ಸಾರಿ ಕ್ಷಮೆ ಕೇಳಿಬಿಡಿ. ನಿಮ್ಮ ಗಂಟೇನು ಹೋಗುತ್ತೆ?”

“ಮೊದ್ಲು ಅವ್ರು ಕೇಳ್ಲಿ ಮೇಡಂ.”

ಅವರು ಕೇಳಲಿಲ್ಲ, ಇವರೂ ಕೇಳಲಿಲ್ಲ. ‘ವಿನಯವಿಲ್ಲ’ ಎಂದು ವರದಿ ಹೋಯಿತು. ವಿನಯ ಇಲ್ಲದಿದ್ದದ್ದು ಯಾರಿಗೆ ಎಂದು ಕೇಳುವವರು ಯಾರು? ಪ್ರೊಬೇಷನ್ ಇನ್ನೊಂದು ವರ್ಷ ಮುಂದಕ್ಕೆ ಹೋಯಿತು.

ಸುದ್ದಿ ತಿಳಿದು ಮುನಿಲಕ್ಷ್ಮಮ್ಮನವರು ಬುಟ್ಟಿ ಸಮೇತ ಸ್ಕೂಲಿಗೇ ಬಂದರು. “ಯಾಕ್ರವ್ವಾ, ನಮ್ಮಂತೋರ್ಗೋಸ್ಕರ ನಿಮ್ ಅನ್ನಕ್ಕೆ ನೀವೇ ಕಲ್ಲಾಕ್ಕೊಂಡ್ರಿ?”

“ನಿಮಗೋಸ್ಕರ ಅಲ್ಲಮ್ಮ,” ಎಂದರು ನೀಲಗಂಗಮ್ಮ. “ಅತ್ತೆ ಮನೇಲಿ ಹತ್ತು ವರ್ಷ ನನ್ನನ್ನ ‘ಅದು’ ಅಂತಲೇ ಅನ್ನೋರು. ‘ಅದು ಉಂಡಾಯ್ತಾ? ಅದನ್ನ ಆಚೆ ಕಳ್ಸು’ ಅಂತ. ಆವಾಗ ಬಾಯಿ ಬಿಡಲಿಲ್ಲ. ಈಗ ಬಿಟ್ಟಿದ್ದೀನಿ. ಇನ್ನು ಮುಚ್ಚಲ್ಲ.”