ನಾಗಮ್ಮನ ಹೆಸರು, ಶರಣಪ್ಪನ ಊರು

ಕಿಟಕಿ ಮುಚ್ಚಲು ಮರೆತದ್ದಕ್ಕೆ ಇವತ್ತು ಮಳೆಗೆ ಮೇಜಿನ ಮೇಲಿನ ಹಾಳೆಗಳೆಲ್ಲ ತೊಯ್ದಿದ್ದವು. ನೆನೆದ ಕಾಗದದ ವಾಸನೆ ನಿಮಗೆ ಏನನ್ನು ನೆನಪಿಸುತ್ತದೋ ತಿಳಿಯದು. ನನಗೆ ಒಂದು ನದಿಯ ದಡ ನೆನಪಾಗುತ್ತದೆ.

ಎರಡು ಸಾವಿರದ ಆಚೀಚೆ ನಾನು ಚಿತ್ತಾಪುರದಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದೆ. ಊರಿಗೆಲ್ಲ ನಾನೊಬ್ಬನೇ ಬಲ್ಲವನೆಂಬ ಹಮ್ಮು ಬೇರೆ. ಒಂದು ಮಳೆಗಾಲ ಕಾಗಿಣಾ ನದಿ ಉಕ್ಕಿದಾಗ, ಶಾಲೆಯೊಂದರಲ್ಲಿ ತೆರೆದ ಆಸರೆ ಕೇಂದ್ರಕ್ಕೆ ನನ್ನನ್ನು ಕರೆದರು. ಕಾಣೆಯಾದವರದೊಂದು ಪಟ್ಟಿ, ಬದುಕಿ ಬಂದವರದೊಂದು. ಎರಡರಲ್ಲೂ ಹೆಸರಿಗೊಂದು ಕಾಲಂ, ಊರಿಗೊಂದು ಕಾಲಂ. ಬಂದವರ ಪಟ್ಟಿಯಲ್ಲಿ ಸಿಕ್ಕವರನ್ನು ಕಾಣೆಯಾದವರಿಂದ ತೆಗೆಯುವಂತೆ ಕ್ವೆರಿ, ಅಂದರೆ ಕಂಪ್ಯೂಟರಿಗೆ ಕೇಳುವ ಪ್ರಶ್ನೆ, ಬರೆದೆ. ಉಳಿದ ಹೆಸರುಗಳನ್ನು ಹಿಡಿದು ದೋಣಿಗಳು ಹೊರಟವು.

ಸ್ವಲ್ಪ ಹೊತ್ತಿಗೆ ದಂಡೋತಿಯ ಮಲ್ಲಪ್ಪ ಬಂದ. ಅಂಗಿಯಿಂದ ನೀರು ಸೋರುತ್ತಿತ್ತು.

"ನಮ್ಮವ್ವ ನಾಗಮ್ಮನ ಹೆಸರು ಪಟ್ಟ್ಯಾಗಿಂದ ಯಾಕ ಹೊಡದ್ಹಾಕೀರಿ, ಸರ?"

"ಬಂದಾರಲ್ರಿ. ಇಲ್ಲೇ ಎಲ್ಲ್ಯಾರ ಕುಂತಿರಬೇಕು, ನೋಡ್ರಿ."

"ಎಲ್ಲಾ ಖೋಲಿ ನೋಡೀನ್ರಿ, ಇಲ್ಲ. ಅಕಿ ನದಿ ದಂಡಿ ಹೊಲಕ್ಕ ಹೋಗಿದ್ಳು. ಪಟ್ಟ್ಯಾಗ ಹೆಸರಿಲ್ಲಂತ ದೋಣಿಯವರು ಆ ಕಡಿ ಹೋಗವಲ್ರು. ನೀರು ಏರಾಕತ್ತದ್ರಿ!"

"ಕಂಪ್ಯೂಟರ್ ತಪ್ಪು ಮಾಡಂಗಿಲ್ರಿ," ಎಂದೆ.

ಅವನು ಕೂಗಾಡಲಿಲ್ಲ. "ಹಂಗಾದ್ರ ಅದಕ್ಕೇ ಕೇಳ್ರಿ, ನಮ್ಮವ್ವನ್ನ ಎಲ್ಲಿ ಕುಂದ್ರಿಸ್ಯಾದಂತ."

ಬಂದವರ ಪಟ್ಟಿ ತೆಗೆದು ಓದಿದೆ. ಮಳಖೇಡದ ನಾಗಮ್ಮ ಇದ್ದಳು. ದಂಡೋತಿಯ ಶರಣಪ್ಪ ಇದ್ದ. ದಂಡೋತಿಯ ನಾಗಮ್ಮ ಇರಲಿಲ್ಲ. ಹೆಸರುಗಳಲ್ಲಿ ಈ ಹೆಸರಿದೆಯೇ ಎಂದು ಕೇಳಿದ್ದೆ, ಇತ್ತು. ಊರುಗಳಲ್ಲಿ ಈ ಊರಿದೆಯೇ ಎಂದು ಕೇಳಿದ್ದೆ, ಅದೂ ಇತ್ತು. ಎರಡೂ ಒಬ್ಬರದೇ ಹೌದೇ ಎಂದು ಕೇಳಿರಲಿಲ್ಲ. ಒಬ್ಬಳ ಹೆಸರಿಗೆ ಇನ್ನೊಬ್ಬನ ಊರು ಹಚ್ಚಿ, ನೀರಿನಲ್ಲಿದ್ದವಳನ್ನು ದಡ ಸೇರಿಸಿಬಿಟ್ಟಿದ್ದೆ.

ಹೆಸರು, ಊರು ಎರಡನ್ನೂ ಜೋಡಿಯಾಗಿ ಹೊಂದಿಸಿ ಮತ್ತೆ ಓಡಿಸಿದೆ. ನಾಗಮ್ಮನ ಜೊತೆ ಇನ್ನೊಂದು ಹೆಸರೂ ಮರಳಿ ಬಂತು. ಎರಡನ್ನೂ ಹಾಳೆಯ ಮೇಲೆ ಕೈಯಲ್ಲೇ ಬರೆದುಕೊಂಡು, ಮಲ್ಲಪ್ಪನ ಹಿಂದೆ ಮಳೆಯಲ್ಲಿ ನದಿಯತ್ತ ಓಡಿದೆ. ಅವನು ದೋಣಿ ಹತ್ತಿದ. ನಾನು ದಡದಲ್ಲಿ ನಿಂತೆ. ದೋಣಿ ಮರಳುವವರೆಗೂ ಕೂರಲು ಧೈರ್ಯ ಬರಲಿಲ್ಲ.

ಸಂಜೆಯ ಹೊತ್ತಿಗೆ ನಾಗಮ್ಮನನ್ನು ಹುಣಸೆ ಮರದಿಂದ ಇಳಿಸಿ ತಂದರು. "ತಪ್ಪು ನಂದೇ, ಅವ್ವಾ," ಎಂದು ಎಲ್ಲ ಹೇಳಿದೆ. ನಡುಗುತ್ತಲೇ ಕೇಳಿದಳು: "ಮಳಖೇಡದಾಕಿ, ನನ್ನ ಹೆಸರಿನಾಕಿ, ಅಕಿ ಆರಾಮ ಅದಾಳಿಲ್ಲೋ?"

ಹಾಳೆಯಲ್ಲಿದ್ದ ಇನ್ನೊಬ್ಬರು ಸಿಗಲಿಲ್ಲ. ಆ ಹೊತ್ತು ಕಳೆಯದಿದ್ದರೆ ಸಿಗುತ್ತಿದ್ದರೇ ಎಂದು ಯಾರೂ ನನ್ನನ್ನು ಕೇಳಲಿಲ್ಲ. ಇಷ್ಟು ವರ್ಷ ನಾನೂ ಬಾಯಿ ಬಿಟ್ಟಿರಲಿಲ್ಲ. ಆ ಹೆಸರನ್ನು ಇವತ್ತು ನಿಮಗೆ ಹೇಳಿಬಿಡುತ್ತೇನೆ: ಸಿದ್ದಪ್ಪ, ದಂಡೋತಿ.