ಮೂರನೆಯ ಕಂಬಿಯ ಬಳುಕು

ಕುಲಶೇಖರದ ಏರಿನಲ್ಲಿ ಒಂದು ಬೆಳಿಗ್ಗೆ ನನ್ನ ವಿದ್ಯಾರ್ಥಿಯೊಬ್ಬ ಸ್ಕೂಟರಿನಲ್ಲಿ ನನ್ನ ಕಾರನ್ನು ಹಿಂದೆ ಹಾಕಿದ. ಅದಕ್ಕೆ ಬೇಸರವಿಲ್ಲ. ಆದರೆ ಪಕ್ಕಕ್ಕೆ ಬಂದಾಗ ವೇಗ ಕಡಿಮೆ ಮಾಡಿ, "ಗುಡ್ ಮಾರ್ನಿಂಗ್ ಸರ್" ಎಂದು ವಿನಯದಿಂದ ಹೇಳಿ, ನನ್ನ ಉತ್ತರಕ್ಕೆ ಕಾದು, ಆಮೇಲೆ ಹೋದನಲ್ಲ, ಅದನ್ನು ಸಹಿಸಲಾಗಲಿಲ್ಲ. ಹಿಂದೆ ಕೂತಿದ್ದ ಅವನ ಅಜ್ಜಿಯೂ ನನ್ನನ್ನು ನೋಡಿ ಕನಿಕರದಿಂದ ನಕ್ಕರು.

ನಾನು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ವೇಗ, ವೇಗೋತ್ಕರ್ಷ ಎಂದು ಇಪ್ಪತ್ತು ವರ್ಷ ಬೋರ್ಡಿನ ಮೇಲೆ ಬರೆದವನ ಕಾರು ಏರಿನಲ್ಲಿ ಏದುಸಿರು ಬಿಡುವುದೆಂದರೆ ಏನು? ಮೂರು ವಾರ ಮೊಬೈಲಿನಲ್ಲಿ ವಿಡಿಯೋ ನೋಡಿದೆ. ಎಲ್ಲರೂ ಹೇಳುವುದು ಒಂದೇ: ಮೊದಲು ಹೆಡರ್ ಬದಲಿಸಿ. ಎಂಜಿನ್ನಿನಿಂದ ಹೊಗೆ ಹೊರಬರುವ ನಾಲ್ಕು ಬಾಯಿಗಳಿಗೆ ನಾಲ್ಕು ಕೊಳವೆ ಜೋಡಿಸಿ ಕೊನೆಗೆ ಒಂದಾಗಿಸುವ ಸಾಧನ ಅದು. ನನ್ನ ಹಳೆಯ ಸಣ್ಣ ಕಾರಿಗೆ ಅದು ಅಂಗಡಿಯಲ್ಲಿ ಸಿಗುವುದಿಲ್ಲ. ಕೈಯಲ್ಲೇ ಮಾಡಿಸಬೇಕು.

ಮಾಡುವವರು ಕುದ್ರೋಳಿಯ ಒಬ್ಬ ಮೇಸ್ತ್ರಿ. ಒಂದು ಕಾಲದಲ್ಲಿ ಮೀನಿನ ಬೋಟುಗಳ ಎಂಜಿನ್ನಿಗೆ ಹೊಗೆ ಕೊಳವೆ ಮಾಡುತ್ತಿದ್ದವರು. ಈಗ ರೇಸಿನ ಹುಚ್ಚಿನವರು ಉಡುಪಿ, ಕಾಸರಗೋಡಿನಿಂದಲೂ ಅವರ ಶೆಡ್ಡು ಹುಡುಕಿಕೊಂಡು ಬರುತ್ತಾರೆ. ನಾನು ಒಂದು ಫೈಲು ಹಿಡಿದುಕೊಂಡು ಹೋದೆ. ಅದರಲ್ಲಿ ನಕ್ಷೆ, ಗ್ರಾಫು, ಲೆಕ್ಕಾಚಾರ. ಮೇಸ್ತ್ರಿ ಗ್ರಾಫನ್ನು ಗೌರವದಿಂದ ನೋಡಿ ಅದರ ಮೇಲೆ ಚಾದ ಗ್ಲಾಸು ಇಟ್ಟರು.

"ಇದೆಲ್ಲ ಬೇಡ ಮಾಷ್ಟ್ರೆ. ಕಾರು ತಂದಿದ್ದೀರಲ್ಲ, ಸಾಕು."

ಬಾನೆಟ್ ಎತ್ತಿ ಒಳಗೆ ಬಗ್ಗಿ ಎಂಜಿನ್ನಿನ ಸುತ್ತ ಬೆರಳಾಡಿಸಿದರು. ಆಮೇಲೆ ನನ್ನ ಕಡೆ ತಿರುಗದೆ ಹೇಳಿದರು: "ಅತ್ತಾವರದ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿ ಎರಡು ತಿಂಗಳಾಯ್ತು. ಆಮೇಲೆ ಎಂಜಿನ್ ಕೆಲಸ ಇದೇ ಮೊದಲು. ಮನೆಯಲ್ಲಿ ಎಲ್ಲ ಸಾಕು ಮಾಡಿ ಅಂತ ಹೇಳ್ತಾರೆ. ನಿಮ್ಮದು ಸರಿಯಾಗಿ ಕೂತ್ರೆ ಮುಂದುವರಿಸ್ತೇನೆ. ಕೂರದಿದ್ರೆ ಬಿಟ್ಟೆ."

ನಾನು ತಲೆಯಾಡಿಸಿದೆ. ನನ್ನ ತಲೆಯಲ್ಲಿದ್ದದ್ದು ಆ ಸ್ಕೂಟರ್ ಮಾತ್ರ.

ಅವರ ಕೆಲಸದ ಕ್ರಮವೇ ಬೇರೆ. ಟೇಪು ಹಿಡಿಯುವುದಿಲ್ಲ, ಬರೆದುಕೊಳ್ಳುವುದಿಲ್ಲ. ದಪ್ಪ ಕಂಬಿಯನ್ನು ಕೈಯಲ್ಲೇ ಬಗ್ಗಿಸಿ, ಮುಂದೆ ಕೊಳವೆ ಎಲ್ಲೆಲ್ಲಿ ಹಾದುಹೋಗಬೇಕೋ ಅಲ್ಲೆಲ್ಲ ಹಾಯಿಸಿ ಎಂಜಿನ್ನಿಗೆ ಕಟ್ಟುತ್ತಾರೆ. ನಾಲ್ಕು ಕೊಳವೆಗೆ ನಾಲ್ಕು ಕಂಬಿ. ಆಮೇಲೆ ಕಾರನ್ನು ಕೊಟ್ಟು ಕಳಿಸುತ್ತಾರೆ.

"ಒಂದು ವಾರ ಓಡಿಸಿ. ಏರು, ಇಳಿಜಾರು, ಗುಂಡಿ ಎಲ್ಲ ಹೋಗ್ಬೇಕು. ಓಡುವಾಗ ಎಂಜಿನ್ ಅಲ್ಲಾಡ್ತದೆ. ಕಂಬಿ ಎಲ್ಲಿ ತಾಗ್ತದೋ ಅಲ್ಲಿ ಉಜ್ಜಿದ ಗುರುತು ಬೀಳ್ತದೆ. ಕಣ್ಣು ಚೆನ್ನಾಗಿದ್ದಾಗಲೂ ಮೂರು ನಾಲ್ಕು ಕಡೆ ಬೀಳ್ತಿತ್ತು. ಅದನ್ನು ಬಿಚ್ಚಿ ನನಗೆ ತಂದುಕೊಡಿ. ಗುರುತು ನೋಡಿ ಅಲ್ಲಿ ಜಾಗ ಬಿಡುವುದು."

ಗುಂಡಿ ಹುಡುಕಲು ನಮ್ಮ ಊರಿನಲ್ಲಿ ಕಷ್ಟಪಡಬೇಕಾಗಿಲ್ಲ. ವಾರ ಕಳೆದು ಭಾನುವಾರ ಕಂಬಿಗಳನ್ನು ಬಿಚ್ಚಿ ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟೆ. ಅಲ್ಲಿಯೇ ಶನಿ ಹೆಗಲೇರಿತು. ದಾರ ಹಿಡಿದು ಅಳತೆ ಮಾಡಿ ನೋಡುತ್ತೇನೆ, ಉಳಿದವೆಲ್ಲ ಒಂದೇ ಉದ್ದ, ಸಾಲಿನ ಮೂರನೆಯ ಕಂಬಿ ಮಾತ್ರ ಎರಡು ಬೆರಳು ಹೆಚ್ಚು! ನಡುವೆ ಒಂದು ವಿಚಿತ್ರ ಬಳುಕು ಬೇರೆ. ನಾಲ್ಕೂ ಕೊಳವೆ ಸಮ ಇರಬೇಕು ಎಂದು ವಿಡಿಯೋದವರೆಲ್ಲ ಹೇಳಿದ್ದಾರೆ. ಕೊಳವೆಯೊಳಗಿನ ಅಲೆಗಳ ಪಾಠವನ್ನು ನಾನೇ ವರ್ಷಕ್ಕೆ ನಾಲ್ಕು ಸೆಕ್ಷನ್ನಿಗೆ ಮಾಡುತ್ತೇನೆ. ಪಾಪ, ಮೇಸ್ತ್ರಿಗೆ ಕಣ್ಣು ಮಂಜಾಗಿದೆ ಎಂದುಕೊಂಡೆ. ಉತ್ತರಪತ್ರಿಕೆಯಲ್ಲಿ ತಪ್ಪು ಕಂಡರೆ ಕೆಂಪು ಪೆನ್ನು ತಾನಾಗಿ ಕೈಗೆ ಬರುವವನು ನಾನು. ಇಕ್ಕಳದಿಂದ ಬಳುಕನ್ನು ನೆಟ್ಟಗೆ ಮಾಡಿ, ಮಿಕ್ಕಿದ್ದನ್ನು ಕತ್ತರಿಸಿ, ನಾಲ್ಕನ್ನೂ ಸಮ ಮಾಡಿದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಬರೇ ಮೂರ್ಖ ಎನಿಸಿಕೊಳ್ಳುತ್ತಿದ್ದೆ. ಆ ಬಳುಕಿನ ಮೇಲೆ ಒಂದು ಗೀರಿತ್ತು, ಉಗುರಿನಷ್ಟು ಉದ್ದ. ಉಳಿದ ಕಡೆ ಬರೀ ಎಣ್ಣೆಯ ಕೊಳೆ. ಕೊಡುವ ವಸ್ತು ಚೊಕ್ಕವಾಗಿರಲಿ ಎಂದು ಉಪ್ಪುಕಾಗದದಿಂದ ನಾಲ್ಕೂ ಕಂಬಿಗಳನ್ನು ಬೆಳ್ಳಿಯ ಹಾಗೆ ಉಜ್ಜಿಟ್ಟೆ. ಯಾವ ಗುರುತು ನೋಡಲೆಂದು ಇಡೀ ವಾರ ಗುಂಡಿಗಳಲ್ಲಿ ಕುಣಿದೆನೋ ಅದನ್ನೇ ಅಳಿಸಿದೆ. ಹೆಂಡತಿ ಬಂದು, "ಇದು ಎಂತ, ಪಾತ್ರೆ ತಿಕ್ಕಲಿಕ್ಕೆ ಇಷ್ಟು ಉಮೇದು ಇಲ್ಲ ನಿಮಗೆ" ಎಂದಳು.

ಮಾರನೆಯ ದಿನ ಮೇಸ್ತ್ರಿ ಕಂಬಿಗಳನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಅವರ ಮುಖ ಅರಳಿತು.

"ಎಲ್ಲಿಯೂ ಉಜ್ಜಲೇ ಇಲ್ಲ ಮಾರಾಯ್ರೆ! ಇಷ್ಟು ವರ್ಷದಲ್ಲಿ ಗುರುತಿಲ್ಲದೆ ವಾಪಸ್ ಬಂದದ್ದು ಇದೇ ಮೊದಲು."

ಆಮೇಲೆ ಮೂರನೆಯದನ್ನು ಮತ್ತೆ ಕೈಗೆ ತೆಗೆದುಕೊಂಡರು. "ಇಲ್ಲಿ ನಾನು ಸ್ವಲ್ಪ ಬಗ್ಗಿಸಿದ್ದೆ ಅಂತ ನೆನಪು..." ನನ್ನ ಕಡೆ ನೋಡಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದೆ. "ಹೊಸ ಕಣ್ಣಲ್ವಾ, ಎಲ್ಲ ಫಳಫಳ, ಎಲ್ಲ ಬೇರೆಯೇ ಕಾಣ್ತದೆ" ಎಂದು ಅವರೇ ನಕ್ಕರು.

ಬಾಯಿ ಬಿಡಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬಿಡಲಿಲ್ಲ. ಸಿದ್ಧಾಂತ ನನ್ನ ಕಡೆಗಿದೆ ಎಂಬ ಧೈರ್ಯ.

ಅವರು ಕೊಳವೆ ಬೆಸೆಯುವುದು ಬೆಂಚಿನ ಮೇಲೆ, ಕಂಬಿಯನ್ನು ಮಾತ್ರ ನಂಬಿ. ಹತ್ತು ದಿನಕ್ಕೆ ಹೆಡರ್ ತಯಾರಾಯಿತು. ಒಂದೊಂದು ಬೆಸುಗೆಯೂ ಹೆಣೆದ ಮಲ್ಲಿಗೆಯ ಹಾಗೆ ಸಾಲಾಗಿತ್ತು. ಕಾರಿಗೆ ಕೂರಿಸಲು ಹೋದರೆ ಮೂರನೆಯ ಕೊಳವೆ ನೇರವಾಗಿ ಹೋಗಿ ಸ್ಟೀರಿಂಗಿನ ರಾಡಿಗೆ ಬಡಿಯಿತು. ಆ ಬಳುಕು ಇದ್ದದ್ದು ಅದನ್ನು ತಪ್ಪಿಸಲು. ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ್ದೆ.

ಮೇಸ್ತ್ರಿ ಕಾರಿನಡಿಯಿಂದ ಹೊರಬಂದು ಕೈ ಒರೆಸಿಕೊಂಡರು. ಬೈದಿದ್ದರೆ ಚೆನ್ನಾಗಿತ್ತು. "ತಪ್ಪಾಯ್ತು ಮಾಷ್ಟ್ರೆ. ಕಣ್ಣು ಹೋಯ್ತು" ಎಂದರು, ನನಗೆ! ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಾದರೂ ನನಗಿಂತ ವಾಸಿ, ನಾನು ಅಷ್ಟನ್ನೂ ಮಾಡದೆ, "ಪರವಾಗಿಲ್ಲ ಅಣ್ಣ" ಎಂದು ದೊಡ್ಡ ಮನಸ್ಸು ತೋರಿಸಿ ಬಂದೆ.

ಹೆಂಡತಿಗೆ ಎಲ್ಲ ಹೇಳಿದೆ. ಅವಳು ಅಂದಿನಿಂದ ಪ್ರತಿದಿನ ಅನ್ನ ಬಡಿಸುವಾಗ ಒಂದೇ ಮಾತು ಕೇಳುತ್ತಿದ್ದಳು: "ಹೇಳಿದ್ರಾ?" ಸರಿಯಾದ ಸಂದರ್ಭ ನೋಡಿ ಹೇಳುತ್ತೇನೆ ಎನ್ನುತ್ತಿದ್ದೆ. ಐದನೆಯ ದಿನ ಅವಳು ಕೇಳಲೂ ಇಲ್ಲ. ಸಾರು ಬಡಿಸಿ ಒಳಗೆ ಹೋದಳು. ಊಟ ಅರ್ಧಕ್ಕೆ ಬಿಟ್ಟು ಎದ್ದೆ.

ಸಂಜೆ ಕುದ್ರೋಳಿಗೆ ಹೋದರೆ ಮೇಸ್ತ್ರಿ ಬಾಗಿಲಲ್ಲೇ ನಿಂತು ಗಿರಾಕಿಯೊಬ್ಬರಿಗೆ ಹೇಳುತ್ತಿದ್ದರು, "ಎಂಜಿನ್ ಕೆಲಸ ಇನ್ನು ತೆಗೊಳ್ಳುವುದಿಲ್ಲ. ಗೇಟು, ಗ್ರಿಲ್ ಇದ್ರೆ ಹೇಳಿ." ಒಳಗೆ, ಹಿಂದೆ ಮಾಡಿದ ಕೆಲಸಗಳ ನೆನಪಿಗೆ ವರ್ಷಗಟ್ಟಲೆ ಮೊಳೆಗೆ ನೇತುಹಾಕಿದ್ದ ಹಳೆಯ ಕಂಬಿಗಳನ್ನೆಲ್ಲ ಇಳಿಸಿ ಗುಜರಿಗೆ ಕೊಡಲು ಕಟ್ಟು ಕಟ್ಟಿಟ್ಟಿದ್ದರು. ಅದನ್ನು ನೋಡಿ ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಗಿರಾಕಿ ಹೋದ ಮೇಲೆ ಹೇಳಿದೆ. ಅದನ್ನೂ ನೆಟ್ಟಗೆ ಹೇಳಿದೆನೇ? ಅಲೆ, ಕೊಳವೆಯ ಉದ್ದ, ಅನುರಣನ ಎಂದು ಶುರುಮಾಡಿ ಹತ್ತು ನಿಮಿಷ ಪಾಠ ಮಾಡಿದೆ. ಮೇಸ್ತ್ರಿ ಒಳ್ಳೆಯ ವಿದ್ಯಾರ್ಥಿಯ ಹಾಗೆ ಕೇಳಿಸಿಕೊಂಡರು. ಕೊನೆಗೆ ಪಾಠವೆಲ್ಲ ಮುಗಿದು ಹೇಳಲು ಬೇರೆ ಏನೂ ಉಳಿಯಲಿಲ್ಲ.

"ಮೂರನೆಯ ಕಂಬಿಯನ್ನು ಕತ್ತರಿಸಿದ್ದು ನಾನು ಅಣ್ಣ. ಬಳುಕನ್ನು ನೆಟ್ಟಗೆ ಮಾಡಿದ್ದೂ ನಾನೇ. ಆಮೇಲೆ ಎಲ್ಲವನ್ನೂ ಉಪ್ಪುಕಾಗದದಲ್ಲಿ ಉಜ್ಜಿದೆ."

ಅವರು ನನ್ನ ಕಡೆ ತಿರುಗಿದರು. ಕೈಯಲ್ಲಿ ಸುತ್ತಿಗೆ ಇತ್ತು, ಅದೂ ನನ್ನ ಗಮನಕ್ಕೆ ಬಂತು. ಯಾಕೆ ಕತ್ತರಿಸಿದಿರಿ, ಮೊದಲೇ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗಳಿಗೆ ದಾರಿಯುದ್ದಕ್ಕೂ ಉತ್ತರ ತಯಾರು ಮಾಡಿಕೊಂಡು ಬಂದಿದ್ದೆ. ಅವರು ಕೇಳಿದ್ದು ಬೇರೆ.

"ಉಜ್ಜುವ ಮೊದಲು ಗುರುತು ಎಷ್ಟು ಕಡೆ ಇತ್ತು?"

"ಒಂದು ಕಡೆ. ಆ ಬಳುಕಿನ ಮೇಲೆ. ಉಗುರಿನಷ್ಟು."

"ಬೇರೆ?"

"ಬೇರೆಲ್ಲೂ ಇಲ್ಲ."

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟರು. ಗುಜರಿಗೆ ಕಟ್ಟಿದ್ದ ಕಟ್ಟನ್ನು ಬಿಚ್ಚಿ, ಒಂದೊಂದೇ ಕಂಬಿಯನ್ನು ಅದರದರ ಮೊಳೆಗೆ ವಾಪಸ್ ಹಾಕತೊಡಗಿದರು. ನಾನು ಸಹಾಯಕ್ಕೆ ಕೈ ಚಾಚಿದೆ. "ನೀವು ಮುಟ್ಟಬೇಡಿ" ಎಂದರು. ಸರಿ ಎಂದು ಸ್ಟೂಲಿನ ಮೇಲೆ ಕೂತೆ.

ಅರ್ಧ ಮುಗಿಸಿದಾಗ, ಬೆನ್ನು ನನ್ನ ಕಡೆಗಿರುವಂತೆಯೇ, ಇನ್ನೊಮ್ಮೆ ಕೇಳಿದರು.

"ಒಂದೇ, ಅಲ್ವಾ ಮಾಷ್ಟ್ರೆ?"

"ಒಂದೇ ಅಣ್ಣ."